ಬಲಮಗ್ಗುಲಿನ ಹುರಮಂಜು

ಈ ವರ್ಷದ ಕಾರಹುಣ್ಣಿಮೆ, ಎತ್ತುಗಳ ಹಬ್ಬ. ಮುಂಜಾನೆ ಆರೂವರೆ. ಸ್ಥಳ ರೋಣದ ಪೇಟೆ. ಹಾಜರಿದ್ದವರು ನಾನು, ಎತ್ತಿನ ಸಾಮಾನು ಮಾರುವ ಮಲ್ಲಪ್ಪ, ಮತ್ತು ಅವನ ಅಂಗಡಿಯ ಮುಂದೆ ಹಣೆಗೆ ಗೊಂಡೆ ಕಟ್ಟಿಸಿಕೊಳ್ಳಲು ಒಪ್ಪದೆ ತಲೆ ಒದರುತ್ತಿದ್ದ ಒಂದು ಹೋರಿ. ನಾನು ಕೊಳ್ಳಲು ಹೋದದ್ದು ತಮ್ಮನ ಎತ್ತುಗಳಿಗೆ ಮುಖಕ್ಕೆ ಕಟ್ಟುವ ಒಂದು ಜೊತೆ ಮಗಡ. ಮಲ್ಲಪ್ಪ ಎತ್ತಿನ ಮೈಗೆ ಬಳಿಯುವ ಹುರಮಂಜಿನ ಹೆಂಟೆಯೊಂದನ್ನು ಒಡೆದು, ನೀರಲ್ಲಿ ಅದ್ದಿ, ಬಣ್ಣ ಹೇಗೆ ಬಿಡುತ್ತದೆ ನೋಡಿರಿ ಎಂದು ನನ್ನ ಮೂಗಿನ ಹತ್ತಿರ ಹಿಡಿದ. ಹಸಿ ಕೆಮ್ಮಣ್ಣಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪೇಟೆಯಲ್ಲಿರಲಿಲ್ಲ. ಕೆಲವು ವರ್ಷಗಳ ಹಿಂದಿನ ಕಾರಹುಣ್ಣಿಮೆಯ ಸಂಜೆ, ಪ್ರಾಣಿಗೃಹದ ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದೆ.

ನನ್ನ ಊರು ನರಗುಂದ. ಸೇನೆಯ ವೈದ್ಯಕೀಯ ದಳದಲ್ಲಿ ಸೇವೆ ಮುಗಿಸಿ ಬಂದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಐದಕ್ಕೆ ಎದ್ದು ಹಾಸಿಗೆ ಮಡಿಸಿ ದಾಡಿ ಮಾಡಿಕೊಂಡರೆ ಆಮೇಲೆ ಏನು ಮಾಡಬೇಕೆಂಬುದೇ ತಿಳಿಯುತ್ತಿರಲಿಲ್ಲ. ಆಗ ರೋಣದ ಔಷಧ ವಿಜ್ಞಾನದ ಕಾಲೇಜೊಂದಕ್ಕೆ ಪ್ರಾಣಿಗೃಹದ ಉಸ್ತುವಾರಿ ಬೇಕಾಗಿತ್ತು. ಪ್ರಯೋಗಕ್ಕಾಗಿ ಇಲಿ, ಮೊಲ, ಗಿನಿಪಿಗ್ ಸಾಕುವ ಕಟ್ಟಡ ಅದು. ವೇಳೆಗೆ ನೀರು, ವೇಳೆಗೆ ಮೇವು, ವೇಳೆಗೆ ದೀಪ. ಒಂದು ದಿನವೂ ತಪ್ಪುವಂತಿಲ್ಲ. ಇದು ನನ್ನ ಕೆಲಸವೇ ಎನಿಸಿತು. ಕೈಕೆಳಗೆ ನೀಲವ್ವ ಇದ್ದಳು. ರೋಣದ ಒಕ್ಕಲು ಮನೆಯ ಹೆಂಗಸು. ಪಂಜರ ತೊಳೆಯುವುದು, ಕುದುರೆ ಮೆಂತ್ಯದ ಸೊಪ್ಪು ಹೆಚ್ಚುವುದು, ಕಡಲೆ ನೆನೆಹಾಕುವುದು ಅವಳ ಪಾಲಿನವು. ಮಾತು ಹೆಚ್ಚು, ಕೆಲಸ ಅದಕ್ಕಿಂತ ಹೆಚ್ಚು.

ಆ ವರ್ಷದ ಬೇಸಗೆಯಲ್ಲಿ ರೇಣುಕಾ ತನ್ನ ಪ್ರಯೋಗ ಶುರು ಮಾಡಿದಳು. ಮೆಣಸಗಿಯ ಗೌಡರ ಮಗಳು, ಸ್ನಾತಕೋತ್ತರ ಓದಿನ ಕೊನೆಯ ಹಂತದಲ್ಲಿದ್ದಳು. ಹೊಳೆ ಊರಿಗೆ ನುಗ್ಗಿದ ವರ್ಷ ಬಟ್ಟೆಯ ಗಂಟು ಬಿಟ್ಟು ಪುಸ್ತಕದ ಗಂಟು ಹೊತ್ತು ಏರಿಗೆ ಓಡಿದವಳು ಎಂದು ಅವಳ ತಂದೆಯೇ ನಗುತ್ತ ಹೇಳುತ್ತಿದ್ದರು. ಅವಳು ಆರಿಸಿಕೊಂಡ ವಿಷಯ, ಜೇಷ್ಠಮಧುವಿನ ಸತ್ವದಿಂದ ಮಾಡಿದ ಮುಲಾಮು ಚರ್ಮದ ಕಪ್ಪನ್ನು ತಿಳಿ ಮಾಡುತ್ತದೆಯೇ ಎಂಬುದು. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಮಿತಿ ಮೊದಲು ಕೇಳಿದ್ದೇ ಇದು ಔಷಧವೋ, ಸೌಂದರ್ಯದ ಸಾಮಾನೋ ಎಂದು. ಸೌಂದರ್ಯದ ಸಾಮಾನನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲು ನಮ್ಮ ದೇಶದಲ್ಲಿ ಅನುಮತಿ ಇಲ್ಲ. ರೇಣುಕಾ ಭಂಗಿನ ಔಷಧ ಎಂದು ಉತ್ತರ ಕೊಟ್ಟಳು. ಬಿಸಿಲಲ್ಲಿ ಹತ್ತಿ ಬಿಡಿಸುವ ಹೆಂಗಸರ ಕೆನ್ನೆಯ ಮೇಲೆ ಕಪ್ಪು ತೇಪೆಯಂತೆ ಏಳುತ್ತದಲ್ಲ, ಆ ಭಂಗು. ಅವಳ ಅತ್ತಿಗೆಗೆ ಅದು ಎದ್ದಿತ್ತು. ಯಾರೋ ಹೇಳಿದರೆಂದು ಸಂತೆಯಲ್ಲಿ ಕೊಂಡ ಟ್ಯೂಬು ಹಚ್ಚಿಕೊಂಡು ಕೆನ್ನೆಯ ತೊಗಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಒಲೆಯ ಮುಂದೆ ಕೂತರೂ ಉರಿಯುತ್ತಿತ್ತು. ಸುಡದ ಮುಲಾಮು ಒಂದು ಇದೆಯೋ ಇಲ್ಲವೋ ಎಂಬುದು ರೇಣುಕಾಗೆ ಬೇಕಿದ್ದ ಉತ್ತರ.

ಅವಳಿಗೆ ವೇಳೆ ಕಡಿಮೆ ಇತ್ತು. ಗಜೇಂದ್ರಗಡದ ವ್ಯಾಪಾರಸ್ಥರ ಮನೆಯವರು ಅವಳನ್ನು ನೋಡಿ ಹೋಗಿದ್ದರು. ಹುಡುಗ ಒಳ್ಳೆಯವನು. ಆದರೆ ಹುಡುಗನ ಸೋದರತ್ತೆಯೊಬ್ಬಳು ಹೊರಡುವಾಗ, ಲಕ್ಷಣ ಚಲೋ ಐತಿ, ಬಣ್ಣ ಒಂದು ಸ್ವಲ್ಪ ಹಿಂದ ಐತಿ ಎಂದು ಹೇಳಿಯೇ ಹೋಗಿದ್ದಳು. ಗೌಡರು ಮಗಳಿಗೆ ಶ್ರಾವಣದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಪ್ರಯೋಗ ಮುಗಿದರೆ ಪದವಿ ಮುಗಿಸಿ ಮದುವೆ. ಮುಗಿಯದಿದ್ದರೆ ಮದುವೆ ಮೊದಲು. ಪದವಿ ಆಮೇಲೆ, ಆ ಮನೆಯವರು ಬಿಟ್ಟರೆ. ಆ ಮನೆಯವರು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ರೋಣಕ್ಕೆ ಕಡಲೆ ಮಾರಲು ಬಂದಾಗ ಗೌಡರು ಪ್ರಾಣಿಗೃಹದ ಕಿಟಕಿಯಿಂದ ಇಣುಕಿ ಮಗಳನ್ನು ಕೆಣಕುತ್ತಿದ್ದರು.

“ಅದನ್ನ ಇಲಿಗಿ ಹಚ್ಚೂದ ಬಿಟ್ಟು ನೀನಽ ಹಚ್ಚಿಕೊಂಡ್ರ ಗಜೇಂದ್ರಗಡದವರ ಬಾಯಿ ಮುಚ್ಚತೈತಲ್ಲವಾ?”

“ಇಲಿ ಅಲ್ಲಪ್ಪಾ ಅದು. ಮತ್ತ ಇದು ಭಂಗಿಗೆ, ನನಗ ಭಂಗು ಎದ್ದಿಲ್ಲ,” ಎನ್ನುತ್ತಿದ್ದಳು ಅವಳು, ತಲೆ ಎತ್ತದೆ.

ಕಂದು ಬಣ್ಣದ ಗಿನಿಪಿಗ್‌ಗಳನ್ನು ತರಿಸಿದೆವು. ಅವುಗಳ ತೊಗಲಿನ ಬಣ್ಣ ಮನುಷ್ಯರ ತೊಗಲಿನಂತೆಯೇ ಬಿಸಿಲಿಗೆ ಕಪ್ಪಾಗುತ್ತದೆ. ಬೆನ್ನಿನ ಎಡಕ್ಕೊಂದು, ಬಲಕ್ಕೊಂದು ಚೌಕ ಬೋಳಿಸಿ, ನೇರಳಾತೀತ ದೀಪದ ಕೆಳಗೆ ಅಳತೆಯ ವೇಳೆ ಇಟ್ಟು ಎರಡೂ ಚೌಕ ಒಂದೇ ಸಮ ಕಪ್ಪಾಗುವಂತೆ ಮಾಡಬೇಕು. ಆಮೇಲೆ ಒಂದು ಚೌಕಕ್ಕೆ ಔಷಧದ ಮುಲಾಮು, ಇನ್ನೊಂದಕ್ಕೆ ಔಷಧವಿಲ್ಲದ ಬರಿ ಮುಲಾಮು. ಬಣ್ಣ, ವಾಸನೆ, ಜಿಡ್ಡು ಎಲ್ಲ ಒಂದೇ. ಯಾವುದು ಯಾವ ಮಗ್ಗುಲಿಗೆ ಎಂಬುದು ಹಚ್ಚುವವಳಿಗೂ ಗೊತ್ತಿರಬಾರದು, ಬಣ್ಣ ಅಳೆಯುವವರಿಗೂ ಗೊತ್ತಿರಬಾರದು. ಡಬ್ಬಿ ತುಂಬುವ ನನಗೊಬ್ಬನಿಗೇ ಗೊತ್ತು.

ಡಬ್ಬಿ ತುಂಬುವ ದಿನ ರೇಣುಕಾ ಒಂದು ರೂಪಾಯಿ ನಾಣ್ಯ ತಂದು ನನ್ನ ಕೈಗಿಟ್ಟಳು. ಒಂದೊಂದು ಪ್ರಾಣಿಗೂ ಬೇರೆ ಬೇರೆ ಹಾರಿಸಬೇಕಂತೆ. ಸಿಂಹದ ಛಾಪು ಮೇಲೆ ಬಿದ್ದರೆ ಔಷಧ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ನನಗೆ ಇದು ಸರಿ ಬರಲಿಲ್ಲ. ಸೇನೆಯಲ್ಲಿ ಒಂದು ಸಾಲು ಎಂದರೆ ಒಂದೇ ಸಾಲು.

“ಎಲ್ಲಾಕ್ಕೂ ಬಲಕ್ಕ ಔಷಧ, ಎಡಕ್ಕ ಬರಿ ಮುಲಾಮು ಅಂದ್ರ ಕೆಲಸ ಸರಳ ಆಗತೈತಲ್ಲ ತಂಗಿ.”

“ಸರಳ ಆಗತೈತ್ರಿ ಕಾಕಾ. ಖರೇ ಆಗಂಗಿಲ್ಲ.”

ಗೊಣಗುತ್ತಲೇ ಹಾರಿಸಿದೆ. ಡಬ್ಬಿ ತುಂಬಿದೆ, ಪಂಜರದ ಸಂಖ್ಯೆ ಹಾಕಿದೆ, ‘ಬಲ’ ‘ಎಡ’ ಎಂದು ಅಂಟಿಸಿದೆ, ಯಾವುದರಲ್ಲಿ ಔಷಧವೆಂದು ಚೀಟಿಯಲ್ಲಿ ಬರೆದು ನನ್ನ ಹತ್ತಿರವೇ ಇಟ್ಟುಕೊಂಡೆ. ಅಂದಿನಿಂದ ನನಗೆ ನಾನೇ ಒಂದು ಆಜ್ಞೆ ಕೊಟ್ಟುಕೊಂಡೆ: ಪ್ರಾಣಿಗಳ ಕಣ್ಣು ನೋಡು, ಕಾಲು ನೋಡು, ತಿಂದ ಕಡಲೆ ನೋಡು; ಬೆನ್ನು ನೋಡಬೇಡ. ನೋಡಿದರೆ ನಿನ್ನ ಮುಖವೇ ಗುಟ್ಟು ಹೇಳಿಬಿಡುತ್ತದೆ.

ಎಂಥ ದಿನಗಳವು! ಹೊರಗೆ ಬಿಸಿಲು ಎರೆ ನೆಲವನ್ನು ಅಂಗೈ ಹೋಗುವಷ್ಟು ಸೀಳಿತ್ತು. ಒಳಗೆ ದೀಪ ಉರಿಯುವ ಹೊತ್ತಿಗೆ ಕರೆಂಟು ಹೋಗಬಾರದೆಂದು ರೇಣುಕಾ ಲೈನ್‌ಮನ್‌ನ ಹೆಂಡತಿಯ ಗೆಳೆತನವನ್ನೇ ಮಾಡಿಕೊಂಡಿದ್ದಳು. ಮುಂಜಾನೆ ನಾನು ಕೀಲಿ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗಿನಿಪಿಗ್‌ಗಳು ಅವಳ ಚಪ್ಪಲಿ ಸಪ್ಪಳ ಗುರುತು ಹಿಡಿದು ಒಟ್ಟಿಗೇ ಸಿಳ್ಳೆ ಹಾಕುತ್ತಿದ್ದವು. ನೀಲವ್ವ, ನಿಮ್ಮ ಬೀಗರು ಕರಿಯಾಕ ಹತ್ಯಾರ ನೋಡ್ರಿ ಎಂದು ಚಾಷ್ಟಿ ಮಾಡುತ್ತಿದ್ದಳು. ಮೊದಲ ಮಳೆ ಬಿದ್ದ ಸಂಜೆ ರೇಣುಕಾ ಬಣ್ಣದ ಪಟ್ಟಿಯನ್ನು ಒಂದು ಬೆನ್ನಿನ ಪಕ್ಕ ಹಿಡಿದು ಎಷ್ಟೋ ಹೊತ್ತು ಉಸಿರು ಬಿಡದೆ ನಿಂತಳು. ಏನು ಕಂಡಿತೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಬಕೆಟ್ ಎತ್ತಿಕೊಂಡು ಹೊರಗೆ ನಡೆದೆ.

ಪ್ರಯೋಗ ಸರಿಯಾಗಿ ಅರ್ಧ ದಾರಿಗೆ ಬಂದಾಗ ಕಾರಹುಣ್ಣಿಮೆ ಬಂತು.

ಆ ದಿನ ಮೇವಿನ ಚೀಲಕ್ಕಾಗಿ ನಾನು ಗದಗಕ್ಕೆ ಹೋಗಬೇಕಾಯಿತು. ರೇಣುಕಾ ಮುಂಜಾನೆಯ ಮುಲಾಮು ಹಚ್ಚಿ ಗ್ರಂಥಾಲಯಕ್ಕೆ ಹೋಗಿದ್ದಳು. ಸಂಜೆ ನಾಲ್ಕಕ್ಕೆ ಬಸ್ಸಿಳಿದು ಬಂದು ಬಾಗಿಲು ತೆಗೆದರೆ ಕೆಮ್ಮಣ್ಣಿನ ವಾಸನೆ. ಪಂಜರಗಳಿಗೆ ಮಾವಿನ ಎಲೆ. ಸಾಲಿನಲ್ಲಿದ್ದ ಪ್ರತಿ ಗಿನಿಪಿಗ್‌ನ ಬಲಮಗ್ಗುಲಲ್ಲಿ, ಸರಿಯಾಗಿ ಬೋಳಿಸಿದ ಚೌಕದ ಮೇಲೆ, ಹುರಮಂಜಿನ ದುಂಡನೆಯ ಕೆಂಪು ಮುದ್ರೆ. ಎತ್ತಿನ ಮೈಗೆ ವಾಟಗ ಎನ್ನುವ ಬಟ್ಟಲಿನ ಬಾಯಿ ಅದ್ದಿ ಒತ್ತುತ್ತಾರಲ್ಲ, ಹಾಗೆ. ಇವುಗಳ ಮೈ ಸಣ್ಣದೆಂದು ನೀಲವ್ವ ಔಷಧ ಅಳೆಯುವ ಪುಟ್ಟ ಬಟ್ಟಲನ್ನು ಅದ್ದಿ ಒತ್ತಿದ್ದಳು. ಅವಳು ಹೊಸ ಸೀರೆಯುಟ್ಟು ಕೊನೆಯ ಪಂಜರಕ್ಕೆ ಕಡಬಿನ ಚೂರು ಹಾಕುತ್ತಿದ್ದಳು. ನನ್ನನ್ನು ಕಂಡು ಹಬ್ಬದ ಮುಖದಿಂದಲೇ ನಕ್ಕಳು.

ಏನಿದು ಎಂದು ಕೇಳಿದೆ. ನನ್ನ ದನಿ ಕವಾಯತಿನ ಮೈದಾನದ ದನಿಯಾಗಿತ್ತೆಂದು ಕಾಣುತ್ತದೆ, ಅವಳು ಬಟ್ಟಲು ಕೆಳಗಿಟ್ಟಳು.

“ವರ್ಷದ ಹಬ್ಬರಿ. ಮನ್ಯಾಗಿನ ಎತ್ತಿಗೆ ಹಚ್ಚಿ ಬಂದೆ. ಇವಕ್ಕ ಬಿಟ್ರ ಹ್ಯಾಂಗರಿ? ಇವೂ ದುಡಿಯಾವ ಅಲ್ಲೇನು?”

ದುಡಿಯುತ್ತಿದ್ದವು, ನಿಜ. ಅಷ್ಟರಲ್ಲಿ ರೇಣುಕಾ ಬಂದಳು. ಒಂದು ಪಂಜರ ನೋಡಿದಳು, ಎರಡನೆಯದು ನೋಡಿದಳು, ಸ್ಟೂಲಿನ ಮೇಲೆ ಕೂತಳು. ಅಳಲಿಲ್ಲ, ಬೈಯಲಿಲ್ಲ. ಬಣ್ಣ ಅಳೆಯುವ ಪ್ರಯೋಗದಲ್ಲಿ ಎಲ್ಲ ಪ್ರಾಣಿಗಳ ಒಂದು ಮಗ್ಗುಲಿಗೆ ಬಣ್ಣ ಬಿದ್ದಿತ್ತು. ಇನ್ನೇನು ಹೇಳುವುದಿತ್ತು?

“ಮುಗೀತ್ರಿ ಕಾಕಾ. ಶ್ರಾವಣಕ್ಕ ಅಪ್ಪಗ ಏನ ಹೇಳ್ಲಿ?”

ಆಗ ನೀಲವ್ವನಿಗೆ ತಾನು ಮಾಡಿದ್ದು ತಿಳಿಯಿತು. ಸೆರಗು ಬಾಯಿಗೆ ಹಿಡಿದು ಗೋಡೆಗೆ ಆತು ನಿಂತಳು.

ರೇಣುಕಾಳ ಮಾರ್ಗದರ್ಶಕರು ಪಾಟೀಲ ಸರ್. ಸುದ್ದಿ ಕೇಳಿ ಬಂದರು. ಒಳ್ಳೆಯ ಮನುಷ್ಯ, ಅವಳ ಮನೆಯ ಸ್ಥಿತಿ ಬಲ್ಲವರು. ಹೊಸ ಪ್ರಾಣಿ ತರಿಸಿ ಮೊದಲಿನಿಂದ ಮಾಡಬೇಕಾದರೆ ಸಮಿತಿಯ ಒಪ್ಪಿಗೆ ಮತ್ತೆ ಬೇಕು, ದೀಪಾವಳಿಯಾದರೂ ಮುಗಿಯುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಇವತ್ತೇ ಉಗುರುಬೆಚ್ಚಗಿನ ನೀರಲ್ಲಿ ತೊಳೆದುಬಿಡಿ, ಮುಂದೆ ನಡೆಸಿರಿ, ಯಾರು ಕೇಳುತ್ತಾರೆ ಎಂದರು. ರೇಣುಕಾ ತಲೆ ಅಲ್ಲಾಡಿಸಿದಳು. ನನ್ನ ಅತ್ತಿಗೆಗೆ ಟ್ಯೂಬು ಮಾರಿದವನೂ ಯಾರು ಕೇಳುತ್ತಾರೆ ಎಂದೇ ಮಾರಿದ್ದು ಎಂದಳು. ಪಾಟೀಲ ಸರ್ ಕನ್ನಡಕ ತೆಗೆದು ಒರೆಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಯಾವ ಡಬ್ಬಿಯಲ್ಲಿ ಏನಿದೆಯೆಂದು ನಾನು ಹೇಳುವಂತಿಲ್ಲ. ಆದರೆ ಹೇಳಬಹುದಾದದ್ದು ಒಂದಿತ್ತು. ಗಾಬರಿಯಲ್ಲಿ ಅದನ್ನು ಹೇಳಿದವಳೇ ಮರೆತು ಕೂತಿದ್ದಳು. ಅಂಗಿಯ ಕಿಸೆಯಲ್ಲಿ ಆ ರೂಪಾಯಿ ಇನ್ನೂ ಇತ್ತು. ತೆಗೆದು ಅವಳ ಮುಂದಿನ ಮೇಜಿನ ಮೇಲೆ ಇಟ್ಟೆ.

“ಒಂದೊಂದಕ್ಕೂ ಬ್ಯಾರೆ ಹಾರಸ್ರಿ ಅಂತ ನನಗ ಯಾರು ಹೇಳಿದ್ರವಾ?”

ಅವಳು ನಾಣ್ಯ ನೋಡಿದಳು. ನನ್ನನ್ನು ನೋಡಿದಳು. ಮೊದಲು ಕಣ್ಣು ಬದಲಾಯಿತು, ಆಮೇಲೆ ಇಡೀ ಮುಖ. ಎದ್ದು ನಿಂತು ಮಾತು ಮಾತಿಗೆ ಎಡವುತ್ತ ಪಾಟೀಲ ಸರ್‌ಗೆ ಹೇಳತೊಡಗಿದಳು. ಹುರಮಂಜು ಬಿದ್ದದ್ದು ಎಲ್ಲವಕ್ಕೂ ಬಲಕ್ಕೆ. ಆದರೆ ಔಷಧ ಎಲ್ಲವಕ್ಕೂ ಬಲಕ್ಕಿಲ್ಲ. ಕೆಲವಕ್ಕೆ ಕೆಂಪು ಮುದ್ರೆ ಔಷಧದ ಮೇಲೆ ಕೂತಿದೆ, ಕೆಲವಕ್ಕೆ ಬರಿ ಮುಲಾಮಿನ ಮೇಲೆ. ಹುರಮಂಜು ಚರ್ಮಕ್ಕೆ ಏನಾದರೂ ಮಾಡಿದರೆ ಎರಡು ಕಡೆಗೂ ಮಾಡುತ್ತದೆ, ಒಂದೇ ಕಡೆ ತೂಕ ಹಾಕುವುದಿಲ್ಲ. ಔಷಧವೂ ಎಲ್ಲವಕ್ಕೂ ಬಲಕ್ಕೇ ಇದ್ದಿದ್ದರೆ ಖರೇನೇ ಮುಗಿಯುತ್ತಿತ್ತು.

ಪಾಟೀಲ ಸರ್ ಕನ್ನಡಕ ಹಾಕಿಕೊಂಡರು. ಸರಿ, ಆದರೆ ಬರಿ ಹುರಮಂಜು ಚರ್ಮಕ್ಕೆ ಏನು ಮಾಡುತ್ತದೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ಅದಕ್ಕೆ ಮುಲಾಮು ಕಾಣದ, ಆದರೆ ದೀಪಕ್ಕೆ ಇಟ್ಟು ಕಪ್ಪಾದ ಪ್ರಾಣಿ ಬೇಕು. ಅಂಥವು ನಮ್ಮಲ್ಲಿ ಎರಡಿದ್ದವು. ಯಾವುದಾದರೂ ಕಾಯಿಲೆ ಬಿದ್ದರೆ ಬೇಕಾದೀತೆಂದು ಮೊದಲಲ್ಲಿ ಜೊತೆಗಿಟ್ಟಿದ್ದವು. ಮೂಲೆಯ ಪಂಜರದಲ್ಲಿ ಕೊಬ್ಬಿ ಕೂತಿದ್ದವು. ಅವುಗಳಿಗೂ ಹುರಮಂಜು ಬಿದ್ದಿದ್ದರೆ, ಹಚ್ಚುವ ಮೊದಲಿನ ಬಣ್ಣ ಅಳೆಯುವುದು ಹೇಗೆ? ಮೂವರೂ ಒಟ್ಟಿಗೇ ಮೂಲೆಗೆ ಹೋದೆವು. ಎರಡರ ಮೈಯೂ ಖಾಲಿ. ಒಂದು ಚುಕ್ಕೆ ಕೆಂಪು ಇಲ್ಲ. ಕಡಬೂ ಇಲ್ಲ.

ನೀಲವ್ವನನ್ನು ಕೇಳಿದೆವು. ಅವಳು ಗೋಡೆ ಬಿಟ್ಟು ಬರದೆ ಉತ್ತರ ಕೊಟ್ಟಳು.

“ಅವಕ್ಕ ಯಾಕ ಹಚ್ಚಲಿ? ಅವಕ್ಕ ನೀವು ಔಷಧ ಹಚ್ಚಂಗಿಲ್ಲ, ಅಳಿಯಂಗಿಲ್ಲ. ಕುಂತ ತಿನ್ನಾವು.”

ಪಾಟೀಲ ಸರ್ ಮೊದಲು ನಕ್ಕರು. ಆಮೇಲೆ ರೇಣುಕಾ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಕ್ಕೆ.

ಅವತ್ತೇ ಸಂಜೆ ಸಮಿತಿಯವರಿಗೆ ನಡೆದದ್ದನ್ನೆಲ್ಲ ತಿಳಿಸಿದೆವು. ಅವರ ಒಪ್ಪಿಗೆ ಬಂದ ಮೇಲೆ ನೀಲವ್ವನ ಕೈಯಿಂದ ಎರಡನೆಯ ಕಾರಹುಣ್ಣಿಮೆ ಮಾಡಿಸಿದೆವು. ಅದೇ ಹುರಮಂಜು, ಅದೇ ಬಟ್ಟಲು, ಅದೇ ಕೈ. ಮೂಲೆಯ ಎರಡಕ್ಕೂ ಬಲಕ್ಕೆ ಒಂದೊಂದು ಮುದ್ರೆ. ಹಚ್ಚಿದಾಗಿನಿಂದ ನಾವು ತೊಳೆಯುವವರೆಗೆ ಮೊದಲಿನವುಗಳ ಮೈಮೇಲೆ ಎಷ್ಟು ಹೊತ್ತು ಇತ್ತೋ ಅಷ್ಟೇ ಹೊತ್ತು ಬಿಟ್ಟು ತೊಳೆಯಬೇಕು. ನಾನು ಗಡಿಯಾರ ಹಿಡಿದು ನಿಂತೆ. ನೀಲವ್ವ ಈ ಸಲ ನನ್ನ ಮುಖ ನೋಡಿ ನೋಡಿ ಒತ್ತಿದಳು. ಆರತಿ ಮಾಡಲೇನ್ರಿ ಎಂದು ಕೇಳಿದಳು. ಮೊದಲನೆಯ ಸಲ ಮಾಡಿದ್ದರೆ ಮಾಡು ಎಂದೆ. ಮಾಡಿದ್ದಳು. ಮಾಡಿದಳು.

ಆಮೇಲಿನ ದಿನಗಳು ಓಡಿದವು. ಮಳೆ ಹಿಡಿದುಕೊಂಡಿತು. ಹೆಸರು ಬಿತ್ತಿದ ಹೊಲಗಳು ಹಸಿರಾದವು. ಹೊಳೆಆಲೂರಿನ ಕಡೆಯಿಂದ ಬರುವವರು ಹೊಳೆ ಏರುತ್ತಿರುವ ಸುದ್ದಿ ತರುತ್ತಿದ್ದರು. ರೇಣುಕಾ ದಿನಕ್ಕೆರಡು ಸಲ ಮುಲಾಮು ಹಚ್ಚಿದಳು, ಒಂದು ಸಲವೂ ತಪ್ಪಿಸದೆ. ಹುರಮಂಜಿನ ಎರಡು ಪ್ರಾಣಿಗಳ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣಲಿಲ್ಲ. ಬಣ್ಣ ತೊಗಲಿನ ಮೇಲೆ ಕೂತು ನೀರಿಗೆ ಹೋಗಿತ್ತು, ಒಳಗೆ ಇಳಿದಿರಲಿಲ್ಲ. ಅರ್ಧ ಗೆದ್ದಂತಾಯಿತು. ಇನ್ನರ್ಧ ಉಳಿದಿತ್ತು. ಮುಲಾಮು ಕೆಲಸ ಮಾಡಿದೆಯೇ?

ಶ್ರಾವಣ ಹುಟ್ಟುವ ಮೊದಲಿನ ದಿನಗಳಲ್ಲೊಂದು ಮುಂಜಾನೆ. ಹಾಜರಿದ್ದವರು ಪಾಟೀಲ ಸರ್, ರೇಣುಕಾ, ನೀಲವ್ವ, ನಾನು. ಹೊರಗೆ ಮೆಟ್ಟಿಲ ಮೇಲೆ, ಗಜೇಂದ್ರಗಡಕ್ಕೆ ಮಾತು ಕೊಡಲು ಹೊರಟು ನಿಂತಿದ್ದ ಗೌಡರು, ಕೊಡೆ ಮಡಿಸಿ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದರು. ಮಗಳ ಉತ್ತರ ಕೇಳಿ ಹೋಗಲು ಬಂದಿದ್ದರು.

ಪಾಟೀಲ ಸರ್ ಮತ್ತು ರೇಣುಕಾ ಬೇರೆ ಬೇರೆ ನಿಂತು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ, ಪ್ರತಿ ಪ್ರಾಣಿಯ ಎರಡು ಮಗ್ಗುಲಿಗೂ ಬಣ್ಣದ ಪಟ್ಟಿ ಹಿಡಿದು ಅಂಕ ಹಾಕಿದರು. ಯಾವ ಮಗ್ಗುಲು ತಿಳಿ ಎಂದು ಬರೆದು ಮುಗಿಸಿದರು. ಆಗ ನನ್ನ ಸರದಿ. ಚೀಟಿ ಬಿಚ್ಚಿ ಎದ್ದು ನಿಂತೆ.

ಮೊದಲನೆಯದು, ಔಷಧ ಎಡಕ್ಕೆ ಎಂದೆ. ರೇಣುಕಾ ತನ್ನ ಕಾಗದ ನೋಡಿದಳು. ತಿಳಿಯಾಗಿದ್ದುದು ಎಡ. ಎರಡನೆಯದು ಬಲಕ್ಕೆ. ಬಲ. ಮೂರನೆಯದು ಬಲಕ್ಕೆ. ಬಲ. ನಾಲ್ಕನೆಯದರಲ್ಲಿ ಅವಳು ತಲೆ ಅಲ್ಲಾಡಿಸಿದಳು, ಅಲ್ಲಿ ಎರಡೂ ಒಂದೇ. ನಾನು ಚೀಟಿ ಓದುವುದನ್ನು ನಿಲ್ಲಿಸಿದೆ.

“ನಿಂದ್ರಬ್ಯಾಡ್ರಿ ಕಾಕಾ, ಲಗೂ ಮುಂದಿಂದ ಹೇಳ್ರಿ.”

ಹೇಳಿದೆ. ಎಡ. ಎಡ. ಬಲ. ಎಡ. ಒಂದರ ಹಿಂದೊಂದು ಕೂಡಿ ಬಂದವು. ಹುರಮಂಜು ಔಷಧದ ಮೇಲೆ ಬಿದ್ದವುಗಳಲ್ಲೂ ಅದೇ, ಬರಿ ಮುಲಾಮಿನ ಮೇಲೆ ಬಿದ್ದವುಗಳಲ್ಲೂ ಅದೇ. ಒಂದೆರಡು ಹಟಮಾರಿಗಳನ್ನು ಬಿಟ್ಟರೆ ಜೇಷ್ಠಮಧು ಹಚ್ಚಿದ ಕಡೆ ಕಪ್ಪು ಇಳಿದಿತ್ತು. ಕೆಂಪಗಾಗಿರಲಿಲ್ಲ, ಸುಟ್ಟಿರಲಿಲ್ಲ, ತೊಗಲು ತೆಳ್ಳಗಾಗಿರಲಿಲ್ಲ. ಕೊನೆಯ ಸಂಖ್ಯೆ ಹೇಳುವ ಹೊತ್ತಿಗೆ ನೀಲವ್ವ, ಏನೂ ಅರ್ಥವಾಗದೆಯೂ, ಪ್ರತಿ ಸಲ ‘ಹೂಂ’ ಎಂದು ಗೋಣು ಹಾಕುತ್ತಿದ್ದಳು. ರೇಣುಕಾ ಕಾಗದವನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು. ನಾವು ಬಾಗಿಲವರೆಗೆ ಹೋದೆವು.

ಗೌಡರು ಎದ್ದು ನಿಂತರು. ಬೆಳ್ಳಗ ಆದ್ವೇನು ಎಂದು ಕೇಳಿದರು.

“ಕಪ್ಪ ಇಳದೈತಪ್ಪಾ. ಸುಟ್ಟಿಲ್ಲ. ಅತ್ತಿಗಿಗೆ ಆದಂಗ ಆಗಿಲ್ಲ. ಆದ್ರ ಹಚ್ಚೂದು ಬಿಟ್ಟ ಮ್ಯಾಲ ತಮ್ಮ ಬಣ್ಣ ತಿರಗಿ ಬರತೈತೋ ಇಲ್ಲೋ, ಅದನ್ನೂ ನೋಡಬೇಕು. ಬರದಿದ್ರ ಔಷಧ ಕೆಟ್ಟದ್ದು. ಅಷ್ಟ ವ್ಯಾಳೆ ಕೊಡ್ರಿ.”

ಗೌಡರು ಮಗಳ ಮುಖವನ್ನೇ ನೋಡಿದರು. ಬಿಸಿಲು ಮಳೆಗಳಲ್ಲಿ ಆ ಮೂರು ತಿಂಗಳು ಓಡಾಡಿ ಅವಳು ಮೊದಲಿಗಿಂತ ಒಂದು ಬಣ್ಣ ಕಪ್ಪಾಗಿದ್ದಳು. ಅವರಿಗೆ ಅದು ಅಂದೇ ಕಂಡಂತಿತ್ತು. ಕೊಡೆ ಬಿಚ್ಚಿದರು, ಮತ್ತೆ ಮಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಮಗಳಿಗೆ ಕೇಳುವಂತೆ ಹೇಳಿದರು.

“ಗಜೇಂದ್ರಗಡದವರಿಗೆ ಹೇಳಿ ಬರತೀನ್ರಿ. ಹುಡುಗಿ ಓದು ಮುಗಿಸೇ ಬರತಾಳ. ಬಣ್ಣ ಈಗ ಹ್ಯಾಂಗ ಐತಿ ಹಂಗ ಇರತೈತಿ. ಕಾಯೂ ಮನಸಿದ್ರ ಕಾಯ್ರಿ ಅಂತ.”

ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ನಡೆದುಹೋದರು. ರೇಣುಕಾ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಪಾಟೀಲ ಸರ್, ಪ್ರಬಂಧದಲ್ಲಿ ಹುರಮಂಜಿನ ಸಂಗತಿ ಯಾವ ಅಧ್ಯಾಯದಲ್ಲಿ ಬರೆಯುತ್ತೀ ಎಂದು ಕೇಳಿದರು. ವಿಧಾನದ ಅಧ್ಯಾಯದಲ್ಲೇ, ಹಬ್ಬದ ಹೆಸರು ಸಹಿತ ಎಂದಳು. ಹಾಗೆಯೇ ಬರೆದಳು.

ಕೆಲಸ ಇನ್ನೂ ಉಳಿದಿತ್ತು. ಅಂಕದ ಕಾಗದಗಳಿಗೆ ಎಲ್ಲರ ಸಹಿ. ಡಬ್ಬಿಗಳ ಮುಚ್ಚಳ ಬಿಗಿದು ಕಪಾಟಿಗೆ. ಬೋಳಿಸಿದ ಚೌಕಗಳನ್ನು ಒರೆಸಿ, ಪ್ರಾಣಿಗಳನ್ನು ಅವುಗಳ ಪಂಜರಕ್ಕೆ. ದೀಪಕ್ಕೆ ಗವಸು. ನೀಲವ್ವ ನೆನೆದ ಕಡಲೆಯ ಪಾತ್ರೆ ಹಿಡಿದು ಸಾಲಾಗಿ ಹಂಚುತ್ತ ಬಂದಳು. ಮೂಲೆಯ ಎರಡರ ಮುಂದೆ ಬಂದು ನಿಂತು ನನ್ನ ಮುಖ ನೋಡಿದಳು. ಇವೂ ದುಡಿದಾವ ಎಂದೆ. ಅವಳು ಸೆರಗಿನ ಗಂಟು ಬಿಚ್ಚಿ ಎರಡು ಚೂರು ಬೆಲ್ಲ ತೆಗೆದಳು. ಗಿನಿಪಿಗ್‌ಗೆ ಬೆಲ್ಲ ಕೊಡುವಂತಿಲ್ಲ. ಬೆಲ್ಲವನ್ನು ಇಸಿದುಕೊಂಡು ಒಂದು ಚೂರು ರೇಣುಕಾಳ ಕೈಗೆ, ಒಂದು ಚೂರು ನೀಲವ್ವನ ಕೈಗೆ ಕೊಟ್ಟೆ. ಆ ಎರಡಕ್ಕೂ ಕಡಲೆ ಎರಡೆರಡು ಹಿಡಿ ಸುರಿದು, ಪಂಜರದ ಚಿಲಕ ಹಾಕಿದೆ.